ಸಿದ್ಧಗೊಂಡಿರದ ಪರೀಕ್ಷೆ

ಅಕ್ಕನ ರಕ್ತದ ವರದಿ ಹದಿನಾಲ್ಕು ಪುಟ ಇತ್ತು, ಬಣ್ಣದ ಮುದ್ರಣ. ಕೆಂಪು, ಹಳದಿ, ಹಸಿರು ಎಂದು ಮೂರು ಪಟ್ಟಿ. ಕೆಂಪು ಪಟ್ಟಿಯ ಮೊದಲ ಸಾಲಿನಲ್ಲೇ ಜೋಳ. ಅದರ ಕೆಳಗೆ ಹಾಲು, ಮೊಸರು, ಶೇಂಗಾ, ಗೋಧಿ, ಬದನೆಕಾಯಿ, ಕಡಲೆಬೇಳೆ. ಇವನ್ನು ಅಕ್ಕನ ದೇಹ ಒಪ್ಪುವುದಿಲ್ಲ ಎಂದು ಬರೆದಿತ್ತು. ಎಪ್ಪತ್ತು ವರ್ಷ ಜೋಳದ ರೊಟ್ಟಿಯಿಂದಲೇ ನಡೆದ ದೇಹ ಈಗೇಕೆ ಒಪ್ಪುವುದಿಲ್ಲ ಎಂದು ನಾನು ಆಗ ಕೇಳಲಿಲ್ಲ. ಅಚ್ಚಾದ ಕಾಗದಕ್ಕೆ ಎದುರು ಮಾತಾಡುವ ರೂಢಿ ನನಗೆ ಇರಲಿಲ್ಲ.

ನಾನು ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಹಾಸ್ಟೆಲುಗಳಲ್ಲಿ ವಾರ್ಡನ್ ಆಗಿದ್ದೆ. ಹಿರೇಕೆರೂರು, ಹಾನಗಲ್ಲ, ಶಿಗ್ಗಾಂವಿ, ಕೊನೆಗೆ ಸವಣೂರು. ಐದೂವರೆಗೆ ಗಂಟೆ, ಆರಕ್ಕೆ ಸ್ನಾನದ ಸಾಲು, ಎಂಟಕ್ಕೆ ತಿಂಡಿ. ಯಾವ ದಿನ ಯಾವ ಪಲ್ಯ ಎಂಬುದು ಗೋಡೆಯ ಮೇಲಿರುತ್ತಿತ್ತು. ಅದನ್ನು ಅಡುಗೆಯವಳೂ ದಾಟುವಂತಿಲ್ಲ, ನಾನೂ ದಾಟುವಂತಿಲ್ಲ. ಮದುವೆಯಾಗಲಿಲ್ಲ. ನಿವೃತ್ತಿಯ ನಂತರ ಸವಣೂರಿನಲ್ಲೇ ಎಲೆ ತೋಟಗಳ ಕಡೆಗೆ ಒಂದು ಮನೆ ಮಾಡಿದೆ. ನಾಲ್ಕು ವರ್ಷದ ಹಿಂದೆ ಭಾವ ತೀರಿಕೊಂಡಾಗ ಅಕ್ಕ ಮಾಸೂರಿನ ಮನೆಯನ್ನು ಮೈದುನನಿಗೆ ಬಿಟ್ಟು ನನ್ನ ಬಳಿ ಬಂದಳು. ಮದಗದ ಕೆರೆಯ ನೀರುಣ್ಣುವ ಗದ್ದೆಗಳಲ್ಲಿ ನಲವತ್ತು ವರ್ಷ ದುಡಿದವಳು. ಬಂದ ಹೊಸದರಲ್ಲಿ ಅಕ್ಕಿಯ ಚೀಲವನ್ನು ಒಬ್ಬಳೇ ಎತ್ತಿ ಒಳಗೆ ಇಟ್ಟಿದ್ದಳು.

ಹೋದ ವರ್ಷ ಅವಳಿಗೆ ತುರಿಕೆ ಶುರುವಾಯಿತು. ತೋಳು, ಬೆನ್ನು. ಊಟವಾದ ಮೇಲೆ ಹೊಟ್ಟೆ ಉಬ್ಬುವುದೂ ಇತ್ತು. ಸವಣೂರಿನಲ್ಲಿ ತೋರಿಸಿದೆವು, ಮುಲಾಮು ಕೊಟ್ಟರು, ನಾಲ್ಕು ದಿನ ಕಡಿಮೆಯಾಗಿ ಮತ್ತೆ ಬಂತು. ಏನೋ ಕೆಲಸಕ್ಕೆ ಶಿಗ್ಗಾಂವಿಗೆ ಹೋದಾಗ ಒಂದು ಹೊಸ ಲ್ಯಾಬಿನ ಬೋರ್ಡು ಕಂಡೆ: ನಿಮ್ಮ ದೇಹ ಯಾವ ಆಹಾರವನ್ನು ಒಪ್ಪುವುದಿಲ್ಲ, ಒಂದೇ ಪರೀಕ್ಷೆಯಲ್ಲಿ ತಿಳಿಯಿರಿ. ನನಗೆ ಬೇಕಾಗಿದ್ದುದು ಅದೇ. ಒಂದೇ ಪರೀಕ್ಷೆ, ಒಂದೇ ಉತ್ತರ. ಅಕ್ಕನ ಹೆಸರಿನಲ್ಲಿ ನಾನು ಆರೋಗ್ಯ ವಿಮೆ ಮಾಡಿಸಿದ್ದೆ. ಆಸ್ಪತ್ರೆ ಸೇರದಿದ್ದರೂ ಪರೀಕ್ಷೆಗಳ ಖರ್ಚು ಕೊಡುವ ಪಾಲಿಸಿ. "ವಿಮಾದಾಗ ಬರತೈತೇನ್ರಿ?" ಎಂದು ಲ್ಯಾಬಿನ ಹುಡುಗಿಯನ್ನು ಕೇಳಿದೆ. "ಹಾಕ್ರಿ, ಬರತೈತಿ" ಎಂದಳು. ವಿಮೆ ಕೊಡುತ್ತದೆಂದರೆ ಪರೀಕ್ಷೆ ಒಳ್ಳೆಯದೇ ಇರಬೇಕು ಎಂದುಕೊಂಡು ಮಾರನೆಯ ವಾರ ಅಕ್ಕನನ್ನು ಕರೆದುಕೊಂಡು ಹೋಗಿ ರಕ್ತ ಕೊಡಿಸಿದೆ.

ವರದಿ ಬಂದ ಮೇಲಿನ ಸೋಮವಾರ ಎಲ್ಲವನ್ನೂ ಬದಲಿಸಿದೆ. ಹೊಸದೇನಿದ್ದರೂ ಸೋಮವಾರ ಶುರು ಮಾಡುವುದು ನನ್ನ ಪದ್ಧತಿ. ಜೋಳದ ಹಿಟ್ಟಿನ ಡಬ್ಬಿ ಅಟ್ಟಕ್ಕೆ ಹೋಯಿತು. ಹಾಲಿನವನಿಗೆ ಅರ್ಧ ಲೀಟರ್ ಕಡಿಮೆ ಹಾಕಲು ಹೇಳಿದೆ. ಶೇಂಗಾ ಚಟ್ನಿ ನಿಂತಿತು. ತುರಿಕೆಗೆ ಒಳ್ಳೆಯದೆಂದು ಅದೇ ದಿನ ಸೋಪು ಬದಲಿಸಿದೆ, ಸ್ನಾನಕ್ಕೆ ಮುಂಚೆ ಕೊಬ್ಬರಿ ಎಣ್ಣೆ ತಿಕ್ಕಲು ಶುರು ಮಾಡಿದೆ, ಅವಳ ಹಾಸಿಗೆಯನ್ನೂ ಬಿಸಿಲಿಗೆ ಹಾಕಿದೆ. ದಿನಕ್ಕೊಂದರಂತೆ ಏಳು ದಿನದ ಊಟ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದೆ.

ಅಕ್ಕ ಓದಿ ಸೊಂಟಕ್ಕೆ ಕೈಯಿಟ್ಟಳು. "ವಾರ್ಡನ್ ಬಾಯಾರ, ನಾ ನಿಮ್ಮ ಹಾಸ್ಟೆಲ್ ಹುಡುಗಿ ಅಲ್ರಿ. ನಿನಗಿಂತ ನಾಕು ವರ್ಷ ದೊಡ್ಡಾಕಿ ಅದೇನಿ."

"ನಾ ಬರದಿದ್ದಲ್ಲಬೇ. ನಿನ್ನ ರಕ್ತದಾಗ ಬರದೈತಿ."

"ನನ್ನ ರಕ್ತಕ್ಕ ಓದು ಬರಹ ಯಾವಾಗ ಬಂತು?"

ಹಸಿರು ಪಟ್ಟಿಯಲ್ಲಿ ತಿನ್ನಬಹುದಾದ್ದು ಬೇಕಾದಷ್ಟಿತ್ತು. ನಮ್ಮ ಸಂತೆಯಲ್ಲಿ ಸಿಗುವಂಥದ್ದು ಕಡಿಮೆ. ಬ್ರೊಕೊಲಿ ಎಂದು ಬರೆದಿತ್ತು. ಕಾಯಿಪಲ್ಯೆ ಮಾರುವವಳನ್ನು ಕೇಳಿದೆ. "ಅದ್ಯಾವ ದೇವ್ರ ಹೆಸರ್ರಿ?" ಎಂದು ಅವಳು ನನಗೊಂದು ಸೋರೆಕಾಯಿ ಕೊಟ್ಟಳು. ವೀಳ್ಯದೆಲೆ ಮಾತ್ರ ಯಾವ ಪಟ್ಟಿಯಲ್ಲೂ ಇರಲಿಲ್ಲ. ಸವಣೂರಿನಲ್ಲಿ ಕುಳಿತು ಇಂಥ ಪಟ್ಟಿ ಮಾಡಿದ್ದರೆ ಎಲೆಯನ್ನು ಬಿಡುತ್ತಿರಲಿಲ್ಲ. "ಪಟ್ಟಿಯಾಗ ಇಲ್ಲಂದ್ರ ಬಂದ್ ಇಲ್ಲ" ಎಂದು ಅಕ್ಕ ದಿನಕ್ಕೆ ಆರರ ಬದಲು ಹತ್ತು ಎಲೆ ಹಾಕತೊಡಗಿದಳು. ನನ್ನ ನಿಯಮದಿಂದಲೇ ನನ್ನನ್ನು ಕಟ್ಟಿದ್ದಳು.

ಎರಡು ವಾರದಲ್ಲಿ ತುರಿಕೆ ಕಡಿಮೆಯಾಯಿತು. ಇದನ್ನು ಮುಚ್ಚಿಡುವುದಿಲ್ಲ. ಬೆನ್ನಿನದು ಪೂರ್ತಿ ಹೋಯಿತು, ತೋಳಿನದು ಅರ್ಧ. ಪಟ್ಟಿ ಕಂಡು ನಗುತ್ತಿದ್ದ ಅಕ್ಕ ಅವತ್ತಿನಿಂದ ನಗುವುದು ನಿಲ್ಲಿಸಿದಳು. "ಖರೇವ ಐತಿ ನೋಡ್" ಎಂದು ವರದಿಯನ್ನು ಮಡಚಿ ತನ್ನ ಟ್ರಂಕಿನಲ್ಲಿಟ್ಟುಕೊಂಡಳು. ನಾನು ಖಾನಾವಳಿಯಿಂದ ತಂದ ರೊಟ್ಟಿಯನ್ನು ಅವಳ ಕಣ್ಣೆದುರಿಗೆ ತಿನ್ನಬಾರದೆಂದು ಅಡುಗೆಮನೆಯಲ್ಲಿ ನಿಂತು ತಿಂದು ಮುಗಿಸುತ್ತಿದ್ದೆ.

ಪರೀಕ್ಷೆಯ ಖರ್ಚು ಕೇಳಿ ನಾನು ಹಾಕಿದ್ದ ಅರ್ಜಿಗೆ ನಾಲ್ಕನೆಯ ವಾರ ವಿಮಾ ಕಂಪನಿಯಿಂದ ಪತ್ರ ಬಂತು. ಕನ್ನಡದಲ್ಲೇ ಇತ್ತು, ಮೂರು ಸಾಲು: "ಸದರಿ ಪರೀಕ್ಷೆಯು ಇನ್ನೂ ಸಿದ್ಧಗೊಂಡಿರದ ಕಾರಣ ನಿಮ್ಮ ಕೋರಿಕೆಯನ್ನು ಪುರಸ್ಕರಿಸಲಾಗುವುದಿಲ್ಲ."

ಸಿದ್ಧಗೊಂಡಿಲ್ಲ. ವರದಿ ನನ್ನ ಮನೆಯ ಟ್ರಂಕಿನಲ್ಲಿದೆ, ಸಿದ್ಧಗೊಂಡಿಲ್ಲ ಎಂದರೆ ಹೇಗೆ? ಬಹುಶಃ ಅವರಿಗೆ ಮುಟ್ಟಿಲ್ಲ ಎಂದುಕೊಂಡೆ. ಹದಿನಾಲ್ಕೂ ಪುಟಗಳನ್ನು ಮತ್ತೆ ಝೆರಾಕ್ಸ್ ಮಾಡಿಸಿ, ಪುಟಕ್ಕೊಂದು ಸಹಿ ಹಾಕಿ, ರಿಜಿಸ್ಟರ್ ಮಾಡಿ ಕಳಿಸಿದೆ. ಎರಡು ವಾರಕ್ಕೆ ಉತ್ತರ ಬಂತು. ಅದೇ ಮೂರು ಸಾಲು, ಒಂದಕ್ಷರವೂ ಬದಲಾಗಿರಲಿಲ್ಲ.

ಆಗ ನಾನು ಮಾಡಿದ ತಪ್ಪನ್ನು ಇಲ್ಲಿ ಹೇಳಬೇಕು. ಎರಡು ಸಲ ಬರೆದಿದ್ದಾರೆಂದರೆ ಸುಮ್ಮನೆ ಬರೆದಿರಲಿಕ್ಕಿಲ್ಲ. ನಮಗೆ ಕೊಟ್ಟದ್ದು ಅರ್ಧ ವರದಿ, ಪರೀಕ್ಷೆ ಇನ್ನೂ ಎಲ್ಲಿಯೋ ನಡೆದಿದೆ, ಪೂರ್ತಿ ಸಿದ್ಧವಾಗಿ ಬರುವುದು ಬಾಕಿಯಿದೆ ಎಂದು ಲೆಕ್ಕ ಹಾಕಿದೆ. ಪೂರ್ತಿ ಬಂದಾಗ, ಅಪರೂಪಕ್ಕೆ ತಿನ್ನಬಹುದೆಂದು ಹಳದಿಯಲ್ಲಿದ್ದವು ಕೆಂಪಿಗೆ ಹೋದರೆ? ಮುಂಜಾಗ್ರತೆಗೆ ಹಳದಿ ಪಟ್ಟಿಯನ್ನೂ ನಿಲ್ಲಿಸಿದೆ. ತೊಗರಿಬೇಳೆ ಹೋಯಿತು, ಉಳ್ಳಾಗಡ್ಡಿ ಹೋಯಿತು, ಮೆಣಸಿನಕಾಯಿ, ಬಾಳೆಹಣ್ಣೂ ಹೋದವು; ಮೊಟ್ಟೆಯಂತೂ ನಮ್ಮ ಮನೆಯಲ್ಲಿ ಮೊದಲೇ ಇರಲಿಲ್ಲ. ಉಳಿದದ್ದು ಅನ್ನ, ಹೆಸರುಬೇಳೆ, ಸೋರೆಕಾಯಿ, ಹೀರೆಕಾಯಿ. ಅಕ್ಕ ಒಂದು ಮಾತೂ ಆಡಲಿಲ್ಲ. ಅದು ನನಗೆ ತಿಳಿಯಬೇಕಿತ್ತು. ಅವಳು ಬೈದರೆ ಗಟ್ಟಿಯಿದ್ದಾಳೆ ಎಂದರ್ಥ.

ಮುಂದಿನ ಹತ್ತು ದಿನದಲ್ಲಿ ಅವಳ ಕೈಯ ಬಳೆ ಮೊಳಕೈವರೆಗೆ ಜಾರಿತು. ಕುಬಸ ಸಡಿಲಾಗಿ ಪಿನ್ನು ಹಾಕಿಕೊಂಡಳು. ಒಂದು ಬೆಳಿಗ್ಗೆ ಹಿತ್ತಲಿನಿಂದ ಕೊಡ ತರುವಾಗ ಮೆಟ್ಟಿಲ ಮೇಲೆ ಕುಸಿದು ಕುಳಿತಳು. "ಏನಾತಬೇ?" ಎಂದು ಓಡಿದೆ. "ಏನಿಲ್ಲ, ಕಣ್ಣಿಗೆ ಕತ್ತಲಿ ಬಂತು. ಕೊಡ ತುಂಬಿರಲಿಲ್ಲ ನೋಡ್" ಎಂದಳು. ತುಂಬಿರದ ಕೊಡದ ಭಾರಕ್ಕೇ ಅಕ್ಕ ಕುಸಿದಿದ್ದಳು.

ಅವತ್ತೇ ಬಸ್ಸು ಹತ್ತಿ ಶಿಗ್ಗಾಂವಿಯ ಲ್ಯಾಬಿಗೆ ಹೋದೆ. "ನಮ್ಮಕ್ಕನ ಪರೀಕ್ಷಾ ಯಾವಾಗ ಸಿದ್ಧ ಆಗತೈತಿ?" ಎಂದೆ.

ಹುಡುಗಿ ಕಂಪ್ಯೂಟರ್ ನೋಡಿದಳು. "ರೆಡಿ ಆಗಿ ಎರಡು ತಿಂಗಳಾತಲ್ರಿ. ನೀವ ಒಯ್ದೀರಿ, ಸೈನ್ ಐತಿ."

"ಅದು ಅರ್ಧ ಅಲ್ಲೇನು? ಪೂರ್ತಿ ಯಾವಾಗ?"

"ಹದಿನಾಕು ಪೇಜ್ ಅರ್ಧ ಆದ್ರ ಪೂರ್ತಿಗೆ ಪುಸ್ತಕ ಬೈಂಡ್ ಮಾಡಬೇಕಾಕ್ಕೈತ್ರಿ!" ಎಂದು ನಕ್ಕು, "ಬೇಕಂದ್ರ ಆರು ತಿಂಗಳಿಗೆ ಇನ್ನೊಮ್ಮೆ ಮಾಡಸ್ರಿ, ಪಟ್ಟಿ ಬದಲಾಗಿರತೈತಿ" ಎಂದು ಸೇರಿಸಿದಳು. ಪಟ್ಟಿ ಹೇಗೆ ಬದಲಾಗುತ್ತದೆ ಎಂದು ಕೇಳಿದೆ. ಅದು ಅವಳಿಗೆ ಗೊತ್ತಿರಲಿಲ್ಲ. ಪರೀಕ್ಷೆ ಬೇರೆ ಊರಿನಲ್ಲಿ ಆಗುತ್ತದಂತೆ, ಇಲ್ಲಿ ರಕ್ತ ತೆಗೆಯುವುದಷ್ಟೆ.

ಲ್ಯಾಬು ಸಿದ್ಧ ಎನ್ನುತ್ತದೆ, ಕಂಪನಿ ಸಿದ್ಧವಿಲ್ಲ ಎನ್ನುತ್ತದೆ. ಸವಣೂರಿಗೆ ಮರಳಿ ಬಸ್ಸಿಳಿದವಳು ಮನೆಗೆ ಹೋಗದೆ ವಿಮೆ ಏಜೆಂಟರ ಅಂಗಡಿಗೆ ನಡೆದೆ. ಪಾಲಿಸಿ ಮಾಡಿಕೊಟ್ಟವರು ಅವರೇ. ಖಾರಾ ಎನ್ನುವ ಕರಿದ ತಿಂಡಿ ಮಾಡಿ ಮಾರುವ ಮನೆತನ; ಎಣ್ಣೆಯ ಬಾಂಡಲಿಯ ಹಿಂದೆ ಒಂದು ಕಪಾಟಿನ ತುಂಬ ವಿಮೆಯ ಕಾಗದ.

"ಬರ್ರಿ ಮೇಡಮ್ಮಾರ, ಕುಂಡ್ರಿ. ಬಿಸಿ ಖಾರಾ ಐತಿ, ಕಟ್ಲೇನು?"

"ಖಾರಾ ಬ್ಯಾಡ ಸಾಹೇಬ್ರ. ಈ ಪತ್ರ ಓದ್ರಿ."

ಓದಿದರು. ನನ್ನ ಮುಖ ನೋಡಿದರು. "ಸಿದ್ಧ ಅಂದ್ರ ಏನಂತ ತಿಳಕೊಂಡೀರಿ?"

"ಸಿದ್ಧ ಅಂದ್ರ ತಯಾರ್. ಊಟ ಸಿದ್ಧ ಐತಿ ಅಂತೇವಲ್ಲ, ಅದು."

"ಅದಲ್ರಿ ಇದು. ಯಾರೋ ಇಂಗ್ಲಿಷ್ ಪತ್ರ ತಗೊಂಡು ಕನ್ನಡ ಮಾಡ್ಯಾರ. ಇಲ್ಲಿ ಸಿದ್ಧ ಅಂದ್ರ ಸಾಬೀತು. ಕೋರ್ಟಿನಾಗ ಸಾಬೀತ್ ಆತು ಅಂತಾರಲ್ಲ, ಹಂಗ. ಈ ಪರೀಕ್ಷಾದಿಂದ ರೋಗ ತಿಳಿತೈತಿ ಅನ್ನೂದು ಇನ್ನೂ ಸಾಬೀತಾಗಿಲ್ಲ, ಅದಕ್ಕ ರೊಕ್ಕ ಕೊಡಾಂಗಿಲ್ಲ ಅಂತ ಬರದಾರ." ಪಾಲಿಸಿಯ ಇಂಗ್ಲಿಷ್ ಪುಸ್ತಕ ತೆಗೆದು, ಇರುವೆಯಂಥ ಅಕ್ಷರಗಳ ನಡುವೆ 'ಅನ್‌ಪ್ರೂವನ್' ಎಂಬ ಶಬ್ದದ ಮೇಲೆ ಎಣ್ಣೆ ಬೆರಳು ಇಟ್ಟರು. "ನಿಮ್ಮ ಕನ್ನಡ ನಿಮಗ ನಾ ಹೇಳಿಕೊಡಬೇಕಾತು ನೋಡ್ರಿ."

ನಾನು ಹುಡುಗಿಯರ ಅರ್ಜಿಗಳಲ್ಲಿ ಒತ್ತಕ್ಷರ ತಿದ್ದಿದವಳು. ತಪಸ್ಸು ಸಿದ್ಧಿಸಿತು, ಆರೋಪ ಸಿದ್ಧವಾಯಿತು ಎಂಬುದು ನನಗೂ ಗೊತ್ತಿತ್ತು. ಆದರೂ ಆ ಪತ್ರದಲ್ಲಿ ನನ್ನ ಕಣ್ಣಿಗೆ ಅಡುಗೆಮನೆಯ ಸಿದ್ಧವೇ ಕಂಡಿತ್ತು.

"ಅಂದ್ರ ಇದು ಸುಳ್ಳ ಪರೀಕ್ಷಾ?"

"ಸುಳ್ಳ ಅಂತ ಬರದಿಲ್ರಿ."

"ಖರೇ ಐತೇನು ಹಂಗಾದ್ರ?"

"ಖರೇ ಅಂತಾನೂ ಬರದಿಲ್ಲ."

"ಸಾಹೇಬ್ರ, ನಮ್ಮಕ್ಕ ಜ್ವಾಳ ತಿನ್ನಬಹುದೊ ಇಲ್ಲೊ? ಅಷ್ಟ ಹೇಳ್ರಿ."

"ಕಂಪನಿ ರೊಕ್ಕದ ಮಾತು ಹೇಳತೈತ್ರಿ. ಹೊಟ್ಟಿ ಮಾತು ಹೇಳೂದಿಲ್ಲ."

ಖಾರಾ ಕಟ್ಟಿಸಿಕೊಳ್ಳುತ್ತಿದ್ದ ಹತ್ತಿಮತ್ತೂರಿನ ರೈತನೊಬ್ಬ ನಡುವೆ ಬಾಯಿ ಹಾಕಿದ. "ನಮ್ಮ ಲಗ್ನ ಆಗಿ ಮೂವತ್ತು ವರ್ಷಾತ್ರಿ. ಅದೂ ಇನ್ನೂ ಸಾಬೀತಾಗಿಲ್ಲ, ನಡದೈತಿ." ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಮನೆಯ ದಾರಿಯಲ್ಲಿ ಹಾನಗಲ್ಲಿನ ಹಾಸ್ಟೆಲಿನ ಒಂದು ಹುಡುಗಿಯ ನೆನಪಾಯಿತು. ಯಾರದೋ ಕಿವಿಯೋಲೆ ಕಳೆದಾಗ ಇನ್ನೊಬ್ಬಳು ಅವಳತ್ತ ಬೆರಳು ತೋರಿಸಿದ್ದಳು. ಸಾಬೀತಾಗಲಿಲ್ಲ. ಶಿಕ್ಷೆಯನ್ನೂ ಕೊಡಲಿಲ್ಲ. ಆದರೆ ವರ್ಷ ಮುಗಿಯುವವರೆಗೆ ಅವಳ ಟ್ರಂಕನ್ನು ನನ್ನ ಕೋಣೆಯಲ್ಲೇ ಇಡಿಸಿದ್ದೆ. ಅದು ನ್ಯಾಯ ಎಂದೇ ಇಷ್ಟು ವರ್ಷ ತಿಳಿದಿದ್ದೆ. ಸಾಬೀತಾಗದ್ದನ್ನು ಏನು ಮಾಡಬೇಕು ಎಂಬುದಕ್ಕೆ ನನ್ನಲ್ಲಿ ಬೇರೆ ನಿಯಮವೇ ಇರಲಿಲ್ಲ.

ಮಾರನೆಯ ದಿನ ಅಕ್ಕನನ್ನು ಹಾನಗಲ್ಲಿಗೆ ಕರೆದೊಯ್ದೆ. ಅಲ್ಲಿ ಒಬ್ಬ ಹಳೆಯ ಡಾಕ್ಟರು ಇದ್ದಾರೆ, ನಮ್ಮ ಹುಡುಗಿಯರನ್ನು ನೋಡಲು ತಿಂಗಳಿಗೊಮ್ಮೆ ಹಾಸ್ಟೆಲಿಗೆ ಬರುತ್ತಿದ್ದವರು. ಅಕ್ಕ ದಾರಿಯುದ್ದಕ್ಕೂ ವರದಿಯನ್ನು ಮಡಿಲಲ್ಲಿ ಹಿಡಿದು ಕುಳಿತಿದ್ದಳು.

ಡಾಕ್ಟರು ವರದಿಯನ್ನು ಎರಡು ಪುಟ ತಿರುವಿ ಬದಿಗಿಟ್ಟರು. ಅಕ್ಕನ ನಾಡಿ, ರಕ್ತದೊತ್ತಡ, ನಾಲಗೆ, ಕಣ್ಣ ರೆಪ್ಪೆ ನೋಡಿದರು. ತೂಕ ಹಾಕಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

"ದಿನಾ ತಿನ್ನೂದರ ಗುರ್ತು ರಕ್ತದಾಗ ಇರತೈತಿ. ಜ್ವಾಳ ತಿನ್ನಾವ್ರ ರಕ್ತದಾಗ ಜ್ವಾಳದ ಗುರ್ತು ಇರದ ಇನ್ನೇನಿರಬೇಕು? ಗುರ್ತಿದ್ದವರೆಲ್ಲ ವೈರಿಗಳೇನ್ರಿ?"

"ಆದ್ರ ತುರಿಕಿ ಕಡಿಮಿ ಆತಲ್ರಿ."

"ಮತ್ತೇನೇನು ಬದಲ ಮಾಡಿದ್ರಿ?"

ಸೋಪು, ಎಣ್ಣೆ, ಹಾಸಿಗೆ ಎಂದೆ. ಎಲ್ಲ ಒಂದೇ ದಿನವೇ ಎಂದು ಕೇಳಿದರು. ಸೋಮವಾರ ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಮೇಡಮ್ಮಾರ, ನಾಕು ಮಂದೀನ ಒಟ್ಟಿಗೆ ಕಳಿಸಿ, ಕದ ತಗದವರ್ಯಾರು ಅಂತ ಕೇಳಿದ್ರ ಹೆಂಗ ಹೇಳೂದು? ಒಣ ಚರ್ಮ ಐತಿ ಇವ್ರದು. ಎಣ್ಣಿ ಕೆಲಸ ಮಾಡಿರಬಹುದು, ಸೋಪು ಇರಬಹುದು. ಆಹಾರಾನೂ ಇರಬಹುದು, ಆದ್ರ ನನಗ ಹಂಗ ಅನ್ನಸೂದಿಲ್ಲ."

ಅವರಿಗೂ ಅನ್ನಿಸುವುದಿಲ್ಲ ಅಷ್ಟೆ! ನಾನು ಇನ್ನೂ ಗಟ್ಟಿಯಾದ ಮಾತಿಗೆ ಕಾಯುತ್ತಿದ್ದೆ. ಸಕ್ಕರೆ, ಥೈರಾಯ್ಡ್, ರಕ್ತದ ಅಂಶ ಎಂದು ಮೂರು ಸಾಧಾರಣ ಪರೀಕ್ಷೆ ಬರೆದರು. ಇವುಗಳಿಗೆ ನಿಮ್ಮ ವಿಮೆಯವರೂ ತಕರಾರು ಮಾಡಲಿಕ್ಕಿಲ್ಲ ಎಂದರು. ನಿಲ್ಲಿಸಿದ್ದನ್ನು ಒಂದೊಂದಾಗಿ ಮತ್ತೆ ಶುರು ಮಾಡಬೇಕು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಮೂರು ದಿನ ಬಿಟ್ಟು ನೋಡಬೇಕು. ಮೊದಲು ಜೋಳ. "ಇವ್ರ ತೂಕ ನೋಡ್ರಿ. ಪಟ್ಟಿ ಖರೇನೊ ಸುಳ್ಳೊ, ಹಿಂಗ ಇನ್ನೊಂದು ತಿಂಗಳು ಬಿಟ್ರ ನೆಲಾ ಹಿಡಿತಾರ. ನಾಳೇನ ಶುರು ಮಾಡ್ರಿ. ಸೋಮವಾರ ಕಾಯಬ್ಯಾಡ್ರಿ."

ಗುರುವಾರ ಹಿಟ್ಟಿನ ಡಬ್ಬಿ ಇಳಿಸಿದೆ. ಹಳೆಯ ಹಿಟ್ಟು ಮುಗ್ಗಿತ್ತು. ಅದನ್ನು ದನಕ್ಕೆ ಕೊಟ್ಟು ಗಿರಣಿಯಿಂದ ಹೊಸ ಹಿಟ್ಟು ತಂದು ಬಡಿದೆ. ಒಂದೇ ರೊಟ್ಟಿ. ತಟ್ಟೆಯಲ್ಲಿಟ್ಟು, ಹೆಸರುಬೇಳೆಯ ಪಲ್ಯದ ಜೊತೆ ಅಕ್ಕನ ಮುಂದಿಟ್ಟೆ.

ಅವಳು ತಟ್ಟೆಯನ್ನು ಸರಿಸಿದಳು. "ಒಲ್ಲೆ."

"ಡಾಕ್ಟರು ಹೇಳ್ಯಾರಲ್ಲಬೇ. ನೀನೂ ಕೇಳಿದಿ."

"ಅವ್ರು ಒಂದು ಮಾತಂದ್ರು. ಅಚ್ಚಾದದ್ದು ಹದಿನಾಕು ಪುಟ ಐತಿ. ತುರಿಕಿ ಹೋಗಿದ್ದೂ ಖರೇ ಐತಿ. ಮತ್ತ ಬಂದ್ರ ಕೆರಕೊಳ್ಳಾಕಿ ನಾನ."

"ಸಾಬೀತಾಗಿಲ್ಲಬೇ ಅದು."

"ಸಾಬೀತಾಗಿಲ್ಲ ಅಂದ್ರ?"

ಹೇಗೆ ಹೇಳುವುದು? ಇಷ್ಟು ದಿನ ನಾನೂ ಅದನ್ನೇ ಕೇಳುತ್ತ ತಿರುಗಿದ್ದೆ. "ಅಂದ್ರ... ಖರೇ ಹೌದೊ ಅಲ್ಲೊ, ಗೊತ್ತಿಲ್ಲ ಅಂತ."

"ಯಾರಿಗೆ ಗೊತ್ತಿಲ್ಲ? ಲ್ಯಾಬಿನವ್ರಿಗಾ, ಕಂಪನಿಯವ್ರಿಗಾ?"

"ಯಾರಿಗೂ."

"ನಿನಗ?"

"ನನಗೂ ಗೊತ್ತಿಲ್ಲ."

ಅಕ್ಕ ನನ್ನನ್ನು ದಿಟ್ಟಿಸಿ ನೋಡಿದಳು. "ಗೊತ್ತಿಲ್ದ ಎರಡು ತಿಂಗಳು ನನಗ ಸೋರಿಕಾಯಿ ತಿನ್ನಿಸಿದ್ಯಾ?"

"ಹೂಂ."

"ಗೊತ್ತಿಲ್ದ ಈಗ ರೊಟ್ಟಿ ತಿನ್ನಸಾಕತ್ತಿ?"

"ಹೂಂ."

ಅವಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಸಮಾಧಾನವಾಗುತ್ತಿತ್ತು. ಅವಳು ರೊಟ್ಟಿಯನ್ನು ನಡುವೆ ಮುರಿದು ಅರ್ಧವನ್ನು ನನ್ನ ಕಡೆ ನೂಕಿದಳು. "ನೀ ಮೊದಲ ತಿನ್ನು. ಒಂದ ಅವ್ವನ ಹೊಟ್ಟ್ಯಾಗ ಹುಟ್ಟೇವಿ. ನನಗ ಆಗಲಾರದ್ದು ನಿನಗರ ಹೆಂಗ ಆಗತೈತಿ, ನೋಡೂಣು. ಅಡಗಿಮನ್ಯಾಗ ಕದ್ದು ತಿಂತಿದ್ದಿಯಲ್ಲ, ಇಲ್ಲಿ ಕುಂತು ತಿನ್ನು."

ಕದ್ದು ತಿಂದದ್ದು ಅಲ್ಲ, ಅವಳ ಮನಸ್ಸಿಗೆ ನೋವಾಗಬಾರದೆಂದು ಮರೆಯಲ್ಲಿ ತಿಂದದ್ದು ಎಂದು ಹೇಳಲು ಹೋದೆ. ಅದರ ಬದಲು ಎದುರಿಗೆ ಕುಳಿತು ತಿಂದೆ. ನನಗೆ ಏನೂ ಆಗಲಿಲ್ಲ. ಅದರಿಂದ ಏನೂ ಸಾಬೀತಾಗಲಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅಕ್ಕ ಒಂದು ತುತ್ತು ಮುರಿದು ಬಾಯಿಗಿಟ್ಟಳು.

"ಏನಾತಬೇ?"

"ಏನಾಗಬೇಕು? ಇನ್ನೂ ನುಂಗಿಲ್ಲ."

ನುಂಗಿದಳು. ಇನ್ನೊಂದು ತುತ್ತು. ಮೂರನೆಯದರ ಹೊತ್ತಿಗೆ ಅವಳ ಎಡಗೈ ತಾನಾಗಿ ಕುತ್ತಿಗೆಗೆ ಹೋಯಿತು, ಉಗುರಿನಿಂದ ಒಂದು ಸಲ ಕೆರೆಯಿತು. ಅವಳು ಆ ಕೈಯನ್ನೇ ನೋಡಿದಳು, ನಾನು ಅವಳ ಕುತ್ತಿಗೆ ನೋಡಿದೆ. ಕೆಂಪಾಗಿರಲಿಲ್ಲ. ಕೆರೆದದ್ದರಿಂದ ಒಂದು ಬಿಳಿ ಗೆರೆ ಇತ್ತು, ನೋಡುತ್ತಿದ್ದಂತೆ ಮಾಸಿತು.

"ಬೆವರಿರಬೇಕು" ಎಂದೆ.

"ಇರಬೇಕು" ಎಂದಳು. ಇಬ್ಬರ ದನಿಯಲ್ಲೂ ನಂಬಿಕೆ ಇರಲಿಲ್ಲ. ಆದರೂ ಅವಳು ನಾಲ್ಕನೆಯ ತುತ್ತು ಮುರಿದಳು, ಈ ಸಲ ದೊಡ್ಡದು. ತನ್ನ ಅರ್ಧ ಮುಗಿದಾಗ ತಟ್ಟೆಯನ್ನು ನನ್ನ ಕಡೆ ಚಾಚಿ, "ಇನ್ನೊಂದು ಬಡಿ. ತೆಳ್ಳಗ ಬಡಿ, ಇದು ಹಲಗಿ ಆಗಿತ್ತು" ಎಂದಳು.

ಮೊದಲ ದಿನಕ್ಕೆ ಒಂದೇ ಎಂದು ಡಾಕ್ಟರು ಹೇಳಿದ್ದರೋ, ಅಥವಾ ಅದು ನಾನೇ ಮಾಡಿಕೊಂಡ ನಿಯಮವೋ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಕೊಡುವುದು ಸರಿಯೋ ತಪ್ಪೋ ತಿಳಿಯದೆಯೇ ಎದ್ದು ಹೋಗಿ ಹಿಟ್ಟು ಕಲಸಿದೆ.